ಸಾವು, ಕಣ್ಣೀರು ಬಿಟ್ಟರೆ ನಮಗೆ ಬೇರೆ ಕಥೆಯೇ ಇಲ್ವಾ?

ಪ್ರಶ್ನೆ: ನನಗೆ 26 ವರ್ಷ. ಹಾವೇರಿ ಜಿಲ್ಲೆಯ ಒಂದು ಊರಲ್ಲಿ ಅಪ್ಪ, ಅವ್ವನ ಜೊತೆ ಇದ್ದೇನೆ. ನಾನು ಗೇ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಕಥೆ, ಕಾದಂಬರಿ ಅಂದ್ರೆ ನನಗೆ ಜೀವ. ಆದರೆ ನಮ್ಮಂಥವರು ಬರುವ ಕಥೆ ಸಿಗೋದೇ ಅಪರೂಪ, ಸಿಕ್ಕರೂ ಕೊನೆಗೆ ಒಬ್ಬ ಸಾಯ್ತಾನೆ, ಇಲ್ಲಾ ಅಳ್ತಾ ಕೂತಿರ್ತಾನೆ. ನಮ್ಮ ಸಂಸ್ಕೃತಿಯಲ್ಲಿ ನಮಗೆ ಜಾಗವೇ ಇರಲಿಲ್ವಾ? ನಾನೂ ಬರೆಯಬೇಕು ಅಂದ್ಕೊಂಡಿದ್ದೇನೆ, ನಿಜ ಹೆಸರು ಹಾಕೋ ಧೈರ್ಯ ಇಲ್ಲ. ಇದರ ನಡುವೆ ಮನೆಯಲ್ಲಿ ಹೆಣ್ಣು ನೋಡೋಕೆ ಶುರು ಮಾಡಿದ್ದಾರೆ. ಏನು ಓದಲಿ, ಹೇಗೆ ಇರಲಿ, ಹೇಳಿ ಸರ್.

ಉತ್ತರ: ಓದು, ಬರವಣಿಗೆ, ಸಂಸ್ಕೃತಿ, ಮದುವೆ ಎಲ್ಲ ಒಂದೇ ಉಸಿರಲ್ಲಿ ಕೇಳಿದ್ದೀರಿ. ನಮ್ಮ ಬದುಕಲ್ಲಿ ಅವು ಬರೋದೂ ಹಾಗೇ. ಪುಸ್ತಕದಿಂದ ಶುರು ಮಾಡೋಣ.

ವಸುಧೇಂದ್ರ ಅವರ ‘ಮೋಹನಸ್ವಾಮಿ’ ಓದಿದ್ದೀರಾ? ನಿಮ್ಮ ಪತ್ರದಲ್ಲಿ ಅದರ ಹೆಸರಿಲ್ಲ, ಅದಕ್ಕೇ ಕೇಳಿದೆ. ಓದಿಲ್ಲದಿದ್ದರೆ ಅಲ್ಲಿಂದಲೇ ಶುರು ಮಾಡಿ. 2013ರಲ್ಲಿ ಬಂದ ಕಥಾ ಸಂಕಲನ. ಬರೆದವರು ನಿಮ್ಮ ಹಾಗೆ ಸಣ್ಣ ಊರಿನವರು, ಬಳ್ಳಾರಿ ಜಿಲ್ಲೆಯ ಸಂಡೂರಿನವರು, ಆಮೇಲೆ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿದವರು. ಆ ಪುಸ್ತಕ ಬರುವಷ್ಟರಲ್ಲಿ ಅವರು ಕನ್ನಡದ ಮನೆಮನೆಗೆ ಗೊತ್ತಿದ್ದ ಲೇಖಕ. ‘ನಮ್ಮಮ್ಮ ಅಂದ್ರೆ ನಂಗಿಷ್ಟ’ ಓದಿ ಅತ್ತವರು, ನಕ್ಕವರು ಎಷ್ಟು ಜನ! ಅಂಥವರು ಕೂಡ ಮೋಹನಸ್ವಾಮಿಯ ಮೊದಲ ಕಥೆಯನ್ನು ಪತ್ರಿಕೆಯಲ್ಲಿ ಅಚ್ಚು ಮಾಡಿಸಿದ್ದು ಷಣ್ಮುಖ ಎಸ್. ಅನ್ನುವ ಬೇರೆ ಹೆಸರಲ್ಲಿ. ನಿಜ ಹೆಸರಲ್ಲಿ ಪುಸ್ತಕ ಆಗಿದ್ದು ಆಮೇಲೆ. ನಿಮ್ಮ ಧೈರ್ಯದ ಪ್ರಶ್ನೆಗೆ ಇದನ್ನು ನೆನಪಲ್ಲಿ ಇಟ್ಟುಕೊಳ್ಳಿ, ಮುಂದೆ ಅದಕ್ಕೆ ಮತ್ತೆ ಬರುತ್ತೇನೆ.

ಆ ವರ್ಷ ಇನ್ನೊಂದು ಕಾರಣಕ್ಕೂ ನಮಗೆಲ್ಲ ಮರೆಯೋಕಾಗಲ್ಲ. 2009ರಲ್ಲಿ ದೆಹಲಿ ಹೈಕೋರ್ಟ್, ನಮ್ಮಂಥವರ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ ದಂಡ ಸಂಹಿತೆಯ 377ನೇ ಕಲಮಿನ ಹಲ್ಲು ಕಿತ್ತಿತ್ತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. ಒಂದು ಕಡೆ ನಮ್ಮ ಭಾಷೆಯಲ್ಲಿ ಇಂಥ ಪುಸ್ತಕ ಅಂಗಡಿಯ ಕಪಾಟಿಗೆ ಬಂತು, ಇನ್ನೊಂದು ಕಡೆ ನಾವು ಮತ್ತೆ ಕಾನೂನಿನ ಲೆಕ್ಕದಲ್ಲಿ ಅಪರಾಧಿಗಳಾದೆವು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಮೋಹನಸ್ವಾಮಿಯಲ್ಲೂ ನೋವಿದೆ. ಪ್ರೀತಿಸಿದ ಗೆಳೆಯ ಹುಡುಗಿಯನ್ನು ಮದುವೆ ಆಗುತ್ತಾನೆ. ಆದರೆ ಅದೇ ಮೋಹನಸ್ವಾಮಿ ಒಂದು ಕಥೆಯಲ್ಲಿ ಕಿಲಿಮಂಜಾರೋ ಬೆಟ್ಟ ಹತ್ತೋಕೂ ಹೋಗುತ್ತಾನೆ. ಅವನಿಗೆ ಊರಿದೆ, ಅಮ್ಮ ಇದ್ದಾಳೆ, ಸಂಬಳ ಇದೆ, ಅಡುಗೆ ಇದೆ, ಹೊಟ್ಟೆಕಿಚ್ಚಿದೆ. ಓದುವಾಗ ಅಳು ಬರುವ ಜಾಗಗಳನ್ನು ಬಿಟ್ಟು ಈ ಸಣ್ಣ ಸಣ್ಣ ಜಾಗಗಳಲ್ಲಿ ನಿಂತು ನೋಡಿ. ನಿಮ್ಮ ಮುಂದಿನ ಬರವಣಿಗೆಗೆ ಬೇಕಾದ್ದು ಅಲ್ಲಿದೆ.

ಇನ್ನು, ಯಾಕೆ ಯಾವಾಗಲೂ ಸಾವು, ಕಣ್ಣೀರು? ಇದಕ್ಕೆ ನನಗೆ ಗೊತ್ತಿರುವ ಅತಿ ನೇರ ಉತ್ತರ ಒಬ್ಬ ಇಂಗ್ಲಿಷ್ ಕಾದಂಬರಿಕಾರನ ಬದುಕಲ್ಲಿದೆ. ಇ. ಎಂ. ಫಾರ್ಸ್ಟರ್. ನಮ್ಮ ದೇಶಕ್ಕೆ ಬಂದು, ದೇವಾಸ್ ಸಂಸ್ಥಾನದ ಮಹಾರಾಜರ ಹತ್ತಿರ ಕೆಲಸ ಮಾಡಿ, ಭಾರತದ ಬಗ್ಗೆ ದೊಡ್ಡ ಕಾದಂಬರಿ ಬರೆದವರು. 1913-14ರಲ್ಲೇ ಅವರು ‘ಮಾರಿಸ್’ ಅನ್ನುವ ಕಾದಂಬರಿ ಬರೆದರು. ಇಬ್ಬರು ಗಂಡಸರ ಪ್ರೀತಿ. ಕೊನೆಯಲ್ಲಿ ಇಬ್ಬರೂ ಒಟ್ಟಿಗೆ ಉಳಿಯುತ್ತಾರೆ. ಬರೆದು ಪೆಟ್ಟಿಗೆಯಲ್ಲಿ ಇಟ್ಟರು. ನಂಬಿದ ಕೆಲವರಿಗೆ ಮಾತ್ರ ಓದೋಕೆ ಕೊಟ್ಟರು. 1970ರಲ್ಲಿ ತೀರಿಕೊಂಡರು, 1971ರಲ್ಲಿ ಪುಸ್ತಕ ಹೊರಬಂತು. ಅದರ ಕೊನೆಗೆ ಸೇರಿಸಿದ ಟಿಪ್ಪಣಿಯಲ್ಲಿ ಅವರು ಹೇಳುವ ಮಾತಿನ ಅರ್ಥ ಇಷ್ಟು: ಕಥೆಯ ಕೊನೆಯಲ್ಲಿ ಹುಡುಗ ನೇಣು ಹಾಕಿಕೊಂಡಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ, ಇಬ್ಬರೂ ಸುಖವಾಗಿ ಉಳಿದಿದ್ದರಿಂದಲೇ ಅಚ್ಚು ಮಾಡಿಸೋದು ಕಷ್ಟವಾಯಿತು.

ನೋಡಿದಿರಾ? ಸತ್ತರೆ ಓದುಗನಿಗೆ ಅಯ್ಯೋ ಪಾಪ ಅನ್ನೋಕೆ ಅವಕಾಶ ಸಿಗುತ್ತದೆ. ಪಾಪ ಅಂದ ಮೇಲೆ ಅವನ ಕೆಲಸ ಮುಗಿಯಿತು. ಬದುಕಿ, ಪಕ್ಕದ ಮನೆಯಲ್ಲೇ ಬಾಡಿಗೆಗೆ ಬಂದರೆ ಅವನು ಮುಖ ಕೊಟ್ಟು ಮಾತಾಡಬೇಕಾಗುತ್ತದೆ. ನಮ್ಮಲ್ಲೂ ಬರೆಯುವವರು ಬಹಳ ಸಲ ಇದೇ ದಾರಿ ಹಿಡಿದಿದ್ದಾರೆ. ಅವರನ್ನು ಬೈಯೋಕೆ ನನಗೆ ಮನಸ್ಸಿಲ್ಲ. ಗಾಯ ಹಸಿ ಇದ್ದಾಗ ಬರೆದ ಕಥೆಯಲ್ಲಿ ರಕ್ತ ಇದ್ದೇ ಇರುತ್ತದೆ. ಆದರೆ 26ರ ಹುಡುಗನ ಕೈಗೆ ಬರೀ ಅಂಥವೇ ಸಿಕ್ಕರೆ ಅವನು ತನ್ನ ಮುಂದಿನ ನಲವತ್ತು ವರ್ಷವನ್ನು ಹೇಗೆ ಊಹೆ ಮಾಡಿಕೊಳ್ಳಬೇಕು?

ಅದಕ್ಕೇ ಓದುವ ಕ್ರಮದ ಬಗ್ಗೆ ನನ್ನ ಸಲಹೆ ಇದೆ. ಇಂಗ್ಲಿಷ್ ಓದುವ ರೂಢಿ ಇದ್ದರೆ ಜೇಮ್ಸ್ ಬಾಲ್ಡ್‌ವಿನ್ ಅವರ ‘ಜಿಯೋವನಿಸ್ ರೂಮ್’ ಯಾವತ್ತಾದರೂ ಓದಲೇಬೇಕು, 1956ರಲ್ಲಿ ಅಂಥದ್ದನ್ನು ಬರೆದ ಎದೆಗಾರಿಕೆಗೆ ನಾನು ಇವತ್ತೂ ತಲೆ ಬಾಗುತ್ತೇನೆ. ಆದರೆ ಮನೆಯಲ್ಲಿ ಹೆಣ್ಣು ನೋಡುತ್ತಿರುವ ಈ ದಿನಗಳಲ್ಲಿ, ರಾತ್ರಿ ಒಬ್ಬರೇ ಇರುವಾಗ, ಅದು ಬೇಡ. ಅಲ್ಲಿ ಒಬ್ಬನ ಕಥೆ ಮರಣದಂಡನೆಯಲ್ಲಿ ಮುಗಿಯುತ್ತದೆ. ಅದರ ಬದಲು ‘ಮಾರಿಸ್’ ಓದಿ. ಇಲ್ಲವೇ ಕ್ರಿಸ್ಟೋಫರ್ ಇಷರ್‌ವುಡ್ ಅವರ ‘ಎ ಸಿಂಗಲ್ ಮ್ಯಾನ್’ ಓದಿ, 1964ರದ್ದು. ಕಾಲೇಜು ಮೇಷ್ಟ್ರೊಬ್ಬನ ಒಂದೇ ಒಂದು ದಿನ. ಅವನ ಸಂಗಾತಿ ರಸ್ತೆ ಅಪಘಾತದಲ್ಲಿ ಹೋಗಿದ್ದಾನೆ, ದುಃಖ ಇದೆ, ಆದರೂ ಬೆಳಿಗ್ಗೆ ಏಳಬೇಕು, ಕಾರು ಓಡಿಸಬೇಕು, ಹುಡುಗರಿಗೆ ಪಾಠ ಮಾಡಬೇಕು. ಒಂದು ದಿನದಲ್ಲಿ ಎಷ್ಟೊಂದು ಬದುಕು ಹಿಡಿಸುತ್ತದೆ ಅಂತ ನನಗೆ ತೋರಿಸಿದ ಪುಸ್ತಕ ಅದು.

ಈಗ ನನಗೆ ಮುಖ್ಯ ಅನ್ನಿಸುವ ಮಾತಿಗೆ ಬರುತ್ತೇನೆ. ನಮ್ಮ ಬಗ್ಗೆ ಬಂದಿರುವ ಕಥೆಗಳು ಹೆಚ್ಚಾಗಿ ಎರಡು ರಾತ್ರಿಗಳ ಸುತ್ತಲೇ ಸುತ್ತುತ್ತವೆ. ಒಂದು, ಗುಟ್ಟು ಹೊರಬಿದ್ದ ರಾತ್ರಿ. ಇನ್ನೊಂದು, ಅವನು ಬಿಟ್ಟು ಹೋದ ರಾತ್ರಿ. ಉಳಿದ ದಿನಗಳೆಲ್ಲ ಎಲ್ಲಿ? ಹಾಲು ತಂದ ಬೆಳಿಗ್ಗೆ, ಕರೆಂಟ್ ಬಿಲ್ ಕಟ್ಟಿದ ಮಧ್ಯಾಹ್ನ, ನೀರು ಬಿಡುವ ಹೊತ್ತಿಗೆ ಸಂಪ್ ತುಂಬಿಸೋಕೆ ಎದ್ದು ಕೂತ ಹೊತ್ತು?

ನಾನು ಹಾಸನ ಕಡೆಯವನು. ನನ್ನ ಸಂಗಾತಿ ಉಡುಪಿ ಕಡೆಯವನು. ಬೆಂಗಳೂರಲ್ಲಿ ಒಟ್ಟಿಗೆ ಸಂಸಾರ ಹೂಡಿ ಬಹಳ ವರ್ಷ ಆಯಿತು. ನಮ್ಮಿಬ್ಬರಿಗೆ ಜಾಸ್ತಿ ಜಗಳ ಆಗಿರೋದು ಅಕ್ಕಿಯ ವಿಷಯಕ್ಕೆ. ಅವನಿಗೆ ಕುಚ್ಚಲಕ್ಕಿ ಇಲ್ಲದೆ ಊಟ ಮಾಡಿದ ಹಾಗೇ ಆಗಲ್ಲ, ನನಗೆ ಮುದ್ದೆ ಮತ್ತು ಸೊಪ್ಪಿನ ಸಾರು ಬೇಕು. ಕುಚ್ಚಲಕ್ಕಿ ಬೇಯೋಕೆ ಹೊತ್ತು ಹಿಡಿಯುತ್ತದೆ, ಗ್ಯಾಸ್ ಬೇಗ ಮುಗಿಯುತ್ತದೆ, ಸಿಲಿಂಡರ್ ಖಾಲಿ ಆಗೋದು ಸರಿಯಾಗಿ ನೆಂಟರು ಬಂದ ದಿನ. ಅವನ ಅಮ್ಮ ಊರಿಂದ ತೆಂಗಿನೆಣ್ಣೆ ಕಳಿಸುತ್ತಾರೆ, ನನ್ನ ಅಕ್ಕ ಹುರುಳಿಕಾಳು ಕಳಿಸುತ್ತಾಳೆ. ನಮ್ಮ ಅಡುಗೆಮನೆಯ ಕಪಾಟು ತೆರೆದರೆ ಯಾರ ಮನೆಯವರು ನಮ್ಮನ್ನು ಎಷ್ಟು ಒಪ್ಪಿದ್ದಾರೆ ಅನ್ನೋದು ಡಬ್ಬಗಳಲ್ಲೇ ಗೊತ್ತಾಗುತ್ತದೆ.

ಬಾಡಿಗೆ ಮನೆಯ ವಿಷಯ ತೆಗೆದುಕೊಳ್ಳಿ. ಟು-ಲೆಟ್ ಬೋರ್ಡ್ ನೋಡಿ ಗೇಟು ತಟ್ಟಿದರೆ ಮೊದಲ ಪ್ರಶ್ನೆ, ‘ಫ್ಯಾಮಿಲಿನಾ, ಬ್ಯಾಚುಲರ್ಸಾ?’ 25ರ ಹುಡುಗರಾದರೆ ಬ್ಯಾಚುಲರ್ಸ್ ಅಂದು ಹೇಗೋ ನಡೆಯುತ್ತದೆ. 40 ದಾಟಿದ ಇಬ್ಬರು ಗಂಡಸರು ಹಾಗಂದರೆ ಓನರ್ ಮುಖದಲ್ಲಿ ಲೆಕ್ಕ ಕೂಡೋದೇ ಇಲ್ಲ. ‘ಅಣ್ಣ ತಮ್ಮನಾ?’ ಅಂತಾರೆ. ‘ಕಸಿನ್ಸಾ?’ ಅಂತಾರೆ. ಅಡ್ವಾನ್ಸ್ ಕೈಗಿಟ್ಟು, 11 ತಿಂಗಳ ಅಗ್ರಿಮೆಂಟಿಗೆ ಇಬ್ಬರ ಹೆಸರೂ ಹಾಕಿ ಅಂದರೆ ‘ಯಾಕೆ, ಒಬ್ಬರದ್ದು ಸಾಕಲ್ಲ’ ಅಂತಾರೆ. ಯಾರ ಹೆಸರು ಹಾಕೋದು? ಹೆಸರಿಲ್ಲದವನು ಆಧಾರ್‌ನಲ್ಲಿ ವಿಳಾಸ ಬದಲಾಯಿಸೋದು ಹೇಗೆ? ನಾಳೆ ಇಬ್ಬರಿಗೂ ಮನಸ್ತಾಪ ಆದರೆ ರಾತ್ರೋರಾತ್ರಿ ಹೊರಗೆ ಹೋಗಬೇಕಾದವನು ಯಾರು? ಆ ಒಂದು ಕಾಗದದಲ್ಲಿ ಇಡೀ ಸಂಬಂಧದ ಕಥೆ ಇದೆ. ಕನ್ನಡದಲ್ಲಿ ಯಾರೂ ಅದನ್ನು ಬರೆದಿದ್ದು ನಾನು ಓದಿಲ್ಲ.

ಮದುವೆ ಮನೆ ಇನ್ನೊಂದು. ನಿಮಗೂ ಇಷ್ಟರಲ್ಲೇ ಇದು ಅನುಭವ ಆಗಿರುತ್ತದೆ. ಛತ್ರದಲ್ಲಿ ರೂಮು ಹಂಚುವಾಗ ಗಂಡ ಹೆಂಡತಿಗೆ ಒಂದು ರೂಮು, ಮಕ್ಕಳಿದ್ದವರಿಗೆ ಒಂದು ರೂಮು. ಮದುವೆ ಆಗದವನಿಗೆ ಹಾಲಲ್ಲಿ ಜಮಖಾನ. 50 ವರ್ಷ ಆದರೂ ಜಮಖಾನವೇ, ಪಕ್ಕದಲ್ಲಿ ಕಾಲೇಜು ಹುಡುಗರು ಇಸ್ಪೀಟು ಆಡ್ತಾ ಇರ್ತಾರೆ. ಬಸ್‌ಸ್ಟ್ಯಾಂಡಿಂದ ಅಜ್ಜಿಯನ್ನು ಕರೆದು ತರೋಕೆ, ಕೊನೆಯ ಪಂಕ್ತಿಗೆ ಬಡಿಸೋಕೆ, ಹೂವಿನವನಿಗೆ ದುಡ್ಡು ಕೊಡೋಕೆ ಎಲ್ಲರಿಗೂ ಅವನೇ ನೆನಪಾಗುತ್ತಾನೆ. ಅವನ ಜೊತೆ ಬಂದ ‘ಫ್ರೆಂಡ್’ ಎಲ್ಲಿ ಮಲಗಬೇಕು ಅಂತ ಯಾರೂ ಕೇಳಲ್ಲ.

ನನ್ನ ಅಕ್ಕನ ಮನೆಯ ಗೃಹಪ್ರವೇಶದಲ್ಲಿ ಒಂದು ಸಂಗತಿ ನಡೆಯಿತು. ಅಕ್ಕ ನಮ್ಮ ವಿಷಯ ಬಾಯಿಬಿಟ್ಟು ಮಾತಾಡಿದವಳಲ್ಲ, ಆಡುವ ಪೈಕಿಯೂ ಅಲ್ಲ. ಊಟ ಆದ ಮೇಲೆ ಜೋಡಿ ಜೋಡಿಯಾಗಿ ನೆಂಟರನ್ನು ಕೂರಿಸಿ ಉಡುಗೊರೆ ಕೊಡ್ತಾ ಇದ್ದಳು. ಭಾವನ ತಮ್ಮನಿಗೂ ಅವನ ಹೆಂಡತಿಗೂ ಪಂಚೆ, ಸೀರೆ. ಚಿಕ್ಕಪ್ಪ ಚಿಕ್ಕಮ್ಮನಿಗೆ ಪಂಚೆ, ಸೀರೆ. ನಾನು ಎಲೆ ಎತ್ತೋಕೆ ಒಳಗೆ ಹೋಗಿದ್ದೆ. ಕರೆದಳು. ನಮ್ಮಿಬ್ಬರನ್ನೂ ಅದೇ ಚಾಪೆಯ ಮೇಲೆ ಕೂರಿಸಿ, ಒಂದೇ ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ, ಎರಡು ಪಂಚೆ ಇಟ್ಟು ಕೊಟ್ಟಳು. ಹಣೆಗೆ ಕುಂಕುಮ ಇಟ್ಟಳು. ಸುತ್ತ ಕೂತವರಲ್ಲಿ ಇಬ್ಬರು ಮುಖ ಮುಖ ನೋಡಿಕೊಂಡರು, ಒಬ್ಬಜ್ಜಿ ‘ಬಾರ್ಡರ್ ಚೆನ್ನಾಗಿದೆ’ ಅಂದರು, ಅಷ್ಟೇ. ಮುಂದಿನ ಜೋಡಿ ಬಂದು ಕೂತಿತು.

ಇಂಥದ್ದನ್ನು ಓದಿದರೆ ನಿಮ್ಮ ವಯಸ್ಸಿನವನಿಗೆ ಆಗುವ ಉಪಕಾರ ಬೇರೆಯೇ. ಮುಂದೆ ಹೀಗೂ ಇರಬಹುದು ಅಂತ ಒಂದು ಚಿತ್ರ ಸಿಗುತ್ತದೆ. ಅದರಲ್ಲಿ ಕಷ್ಟ ಇಲ್ಲ ಅಂತ ಅಲ್ಲ. ನನ್ನ ಸಂಗಾತಿಗೆ ಡೆಂಗ್ಯೂ ಬಂದು ಆಸ್ಪತ್ರೆಗೆ ಸೇರಿಸಿದಾಗ ಅಲ್ಲಿನ ಫಾರಂನಲ್ಲಿ ‘ರೋಗಿಗೆ ಸಂಬಂಧ’ ಅನ್ನುವ ಜಾಗದಲ್ಲಿ ನಾನು ಸ್ನೇಹಿತ ಅಂತ ಬರೆದೆ. ‘ಮನೆಯವರು ಯಾರಾದ್ರೂ ಬರಲಿ’ ಅಂದರು. ಮನೆಯವನು ನಾನೇ. ಆದರೆ ಅವನ ಅಣ್ಣ ಮಣಿಪಾಲದಿಂದ ರಾತ್ರಿ ಬಸ್ಸು ಹತ್ತಿ ಬರುವ ತನಕ ನನ್ನ ಸಹಿಗೆ ಅಲ್ಲಿ ಬೆಲೆ ಇರಲಿಲ್ಲ. ಆ ರಾತ್ರಿಯ ಸಿಟ್ಟು ನನಗೆ ಇನ್ನೂ ಆರಿಲ್ಲ. ಅದನ್ನು ಕಥೆಯಲ್ಲಿ ಬರೆಯಬೇಕು, ಆ ಫಾರಂನಲ್ಲಿ ಎಷ್ಟು ಕಾಲಂ ಇತ್ತು ಅನ್ನುವುದರ ಸಮೇತ ಬರೆಯಬೇಕು.

ಸಂಸ್ಕೃತಿಯ ಪ್ರಶ್ನೆಗೆ ಬರುತ್ತೇನೆ. ಗುಡಿಯ ಗೋಡೆಯ ಮೇಲೆ ಇಂಥ ಶಿಲ್ಪ ಇದೆ, ಪುರಾಣದಲ್ಲಿ ಇಂಥವರಿದ್ದರು ಅಂತ ಪಟ್ಟಿ ಮಾಡಿ ಜಾಗ ಕೇಳುವ ವಾದ ನನಗೆ ಅಷ್ಟು ಹಿಡಿಸಲ್ಲ. ನಾವು ಇವತ್ತು ಬದುಕಿದ್ದೇವೆ, ಜಾಗ ಬೇಕು, ಅಷ್ಟು ಸಾಕು. ಆದರೂ ಜಾಗವೇ ಇರಲಿಲ್ಲ ಅನ್ನೋದು ಸುಳ್ಳು. 377ನೇ ಕಲಮು ನಮ್ಮ ಅಜ್ಜ ಮುತ್ತಜ್ಜಂದಿರು ಕೂತು ಬರೆದದ್ದಲ್ಲ, ಬ್ರಿಟಿಷರು 1860ರಲ್ಲಿ ಮಾಡಿದ ದಂಡ ಸಂಹಿತೆಯದ್ದು.

ಶಕುಂತಲಾ ದೇವಿ ಗೊತ್ತಲ್ಲ, ದೊಡ್ಡ ದೊಡ್ಡ ಲೆಕ್ಕ ಬಾಯಲ್ಲೇ ಮಾಡಿ ಜಗತ್ತನ್ನು ಬೆರಗುಗೊಳಿಸಿದವರು. ಬೆಂಗಳೂರಲ್ಲಿ ಹುಟ್ಟಿದ ಕನ್ನಡದ ಹೆಣ್ಣುಮಗಳು. ಅವರು 1977ರಲ್ಲಿ ‘ದ ವರ್ಲ್ಡ್ ಆಫ್ ಹೋಮೋಸೆಕ್ಷುಯಲ್ಸ್’ ಅನ್ನುವ ಪುಸ್ತಕ ಬರೆದರು. ನಮ್ಮ ದೇಶದಲ್ಲಿ ಈ ವಿಷಯಕ್ಕೆ ಬಂದ ಮೊದಮೊದಲ ಪುಸ್ತಕಗಳಲ್ಲಿ ಅದೂ ಒಂದು. ಇಂಥವರನ್ನು ಅಪರಾಧಿಗಳಂತೆ ನೋಡಬಾರದು, ಪೂರ್ತಿಯಾಗಿ ಒಪ್ಪಿಕೊಳ್ಳಬೇಕು ಅಂತ ಆಗಲೇ ವಾದ ಮಾಡಿದರು. ಅದರಲ್ಲಿ ಶ್ರೀರಂಗದ ದೇವಸ್ಥಾನದ ಒಬ್ಬ ಅರ್ಚಕರನ್ನು ಮಾತಾಡಿಸಿದ್ದಾರೆ. ಸಂಸ್ಕೃತ ಪಂಡಿತರು. ಇಂಥ ಜೋಡಿಗಳು ಹಿಂದಿನ ಜನ್ಮದಲ್ಲಿ ಗಂಡು ಹೆಣ್ಣಾಗಿ ಪ್ರೀತಿಸಿದವರು ಇರಬೇಕು, ದೇಹ ಬದಲಾದರೂ ಆತ್ಮಕ್ಕೆ ಹಳೆಯ ನಂಟು ಬಿಡಲ್ಲ, ಅದು ಎಳೆಯುತ್ತದೆ ಅಂದರಂತೆ ಅವರು. ಜನ್ಮಾಂತರವನ್ನು ನೀವು ನಂಬಿ, ಬಿಡಿ. ಒಬ್ಬ ಸಾಂಪ್ರದಾಯಿಕ ಮನುಷ್ಯ ತನ್ನ ನಂಬಿಕೆಯ ಒಳಗೇ ನಿಂತು, ಬೈಯದೆ, ನಮಗೊಂದು ಜಾಗ ಮಾಡಿಕೊಟ್ಟರು. ಎಲ್ಲ ಹಳೆಯ ತಲೆಮಾರಿನವರೂ ನಮ್ಮನ್ನು ಹೊರಗೆ ಹಾಕುತ್ತಾರೆ ಅಂತ ಮೊದಲೇ ತೀರ್ಮಾನ ಮಾಡಿಕೊಂಡಾಗಲೆಲ್ಲ ನನಗೆ ಆ ಅರ್ಚಕರ ನೆನಪಾಗುತ್ತದೆ.

ನಿಮ್ಮ ಕಡೆ ಎಲ್ಲಮ್ಮನ ಕೊಡ ಹೊತ್ತು, ಚೌಡಿಕೆ ಹಿಡಿದು ಬರುವ ಜೋಗಪ್ಪಂದಿರನ್ನು ಚಿಕ್ಕಂದಿನಿಂದ ನೋಡಿರುತ್ತೀರಿ. ಗಂಡಾಗಿ ಹುಟ್ಟಿ, ಸೀರೆ ಉಟ್ಟು, ಸವದತ್ತಿಯ ದೇವಿಗೆ ತಮ್ಮನ್ನು ಒಪ್ಪಿಸಿಕೊಂಡವರು. ಆ ದಾರಿಯಿಂದಲೇ ಬಂದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ಸೆರಗು ಹಿಡಿದು ರಾಷ್ಟ್ರಪತಿಗಳ ದೃಷ್ಟಿ ತೆಗೆದರು. ಟ್ರಾನ್ಸ್‌ಜೆಂಡರ್ ಲೇಖಕಿ ಎ. ರೇವತಿ ಅವರ ಆತ್ಮಕಥೆ ದು. ಸರಸ್ವತಿ ಅವರ ಅನುವಾದದಲ್ಲಿ ‘ಬದುಕು ಬಯಲು’ ಆಗಿ ಕನ್ನಡಕ್ಕೆ ಬಂದಿದೆ, ಅದನ್ನೂ ಓದಿ. ಹೆಗ್ಗೋಡಿನ ಜನಮನದಾಟ ತಂಡ ಅದನ್ನು ನಾಟಕ ಮಾಡಿ ಊರೂರು ಸುತ್ತಿತು. ಅವರ ಬದುಕು, ನಮ್ಮ ಬದುಕು ಒಂದೇ ಅಂತ ನಾನು ಹೇಳುತ್ತಿಲ್ಲ. ಪ್ಯಾಂಟು ಷರ್ಟು ಹಾಕಿ ಗುಂಪಲ್ಲಿ ಕರಗಿಹೋಗುವ ಅನುಕೂಲ ನಮಗಿದೆ, ಅವರಿಗಿಲ್ಲ. ಬೀದಿಯಲ್ಲಿ ಕಲ್ಲೇಟು ಮೊದಲು ತಿಂದವರು ಅವರು. ಗೇ ಗಂಡಸರು ಅವರಿಂದ ದೂರ ನಿಂತು ಮರ್ಯಾದೆ ಉಳಿಸಿಕೊಳ್ಳೋದು ನನಗೆ ಬಹಳ ನೋವು ಕೊಡುವ ವಿಷಯ.

ಜೇಡರ ದಾಸಿಮಯ್ಯನ ವಚನ ಒಂದಿದೆ, ನೀವೂ ಶಾಲೆಯಲ್ಲಿ ಕೇಳಿರಬಹುದು. ಮೊಲೆ ಮುಡಿ ಬಂದರೆ ಹೆಣ್ಣು ಅಂತಾರೆ, ಗಡ್ಡ ಮೀಸೆ ಬಂದರೆ ಗಂಡು ಅಂತಾರೆ, ನಡುವೆ ಸುಳಿಯುವ ಆತ್ಮ ಹೆಣ್ಣೂ ಅಲ್ಲ, ಗಂಡೂ ಅಲ್ಲ ಅನ್ನುವುದು. ಅದು ಆತ್ಮದ ಮಾತು, ಅದನ್ನು ನಮ್ಮ ಪರವಾದ ಸರ್ಟಿಫಿಕೇಟ್ ಮಾಡಿಕೊಳ್ಳೋದು ಸರಿಯಲ್ಲ. ಆದರೆ ಗಂಡು ಹೆಣ್ಣು ಅನ್ನುವುದನ್ನು ಅಷ್ಟು ಸಲೀಸಾಗಿ ಬದಿಗೆ ಇಡೋಕೆ ಬರುವ ಭಾಷೆ ನಮ್ಮದು. ಈ ಭಾಷೆಯಲ್ಲಿ ನಮ್ಮ ಬದುಕು ಬರೆಯೋಕೆ ಆಗಲ್ಲ ಅಂತ ಯಾರಾದರೂ ಅಂದರೆ ನಂಬಬೇಡಿ.

ಮದುವೆಯ ವಿಷಯ. ಇಲ್ಲಿ ನಾನು ಮೃದುವಾಗಿ ಹೇಳಲ್ಲ. ಹುಡುಗಿಯನ್ನು ಮದುವೆ ಆಗಬೇಡಿ. ‘ಒಂದು ಸಲ ಆಗಿಬಿಟ್ಟರೆ ಎಲ್ಲ ಸರಿ ಹೋಗುತ್ತೆ’ ಅನ್ನುವವರ ಮಾತು ಕೇಳಬೇಡಿ. ನಿಮ್ಮ ಗುಟ್ಟಿನ ಭಾರವನ್ನು, ಅದು ಏನು ಅಂತಲೇ ತಿಳಿಯದೆ, ಹೊರುವವಳು ಆ ಹುಡುಗಿ. ಗಂಡ ಯಾಕೆ ಹತ್ತಿರ ಬರಲ್ಲ ಅಂತ ಅವಳು ತನ್ನ ಮೈಯಲ್ಲೇ ಕುಂದು ಹುಡುಕುತ್ತಾಳೆ, ಮಕ್ಕಳಾಗಿಲ್ಲ ಅಂತ ಊರವರ ಮಾತು ಅವಳೇ ಕೇಳುತ್ತಾಳೆ. ಬೆಂಗಳೂರಿನವರೇ ಆದ ಮಹೇಶ್ ದತ್ತಾನಿ ‘ಬ್ರೇವ್ಲಿ ಫಾಟ್ ದ ಕ್ವೀನ್’ ನಾಟಕದಲ್ಲಿ ಇಂಥ ಒಂದು ಮನೆಯನ್ನು ತೋರಿಸಿದ್ದಾರೆ. ಗಂಡ ಗೇ, ಹೆಂಡತಿಗೆ ಹೇಳದೆ ಕಟ್ಟಿದ ಮದುವೆ, ಅವಳು ಕುಡಿತಕ್ಕೆ ಬಿದ್ದಿದ್ದಾಳೆ. ಓದಿದರೆ ನಿಮಗೆ ಸಂಬಂಧ ನೋಡೋಕೆ ಹೋಗುವ ಮನಸ್ಸೇ ಬರಲ್ಲ.

ಹಾಗಂತ ನಾಳೆ ಬೆಳಿಗ್ಗೆ ಅವ್ವನ ಮುಂದೆ ಎಲ್ಲ ಹೇಳಿಬಿಡಿ ಅಂತಲೂ ನಾನು ಅನ್ನುತ್ತಿಲ್ಲ. ಸದ್ಯಕ್ಕೆ ಮದುವೆ ಬೇಡ ಅಂತ ಗಟ್ಟಿಯಾಗಿ ಅಂದು, ಆ ಮಾತಲ್ಲಿ ನಿಂತರೆ ಸಾಕು. ಕಾರಣ ಕೇಳಿದರೆ ಒಂದೊಂದು ಸಲ ಒಂದೊಂದು ಕಾರಣ ಕೊಡಬೇಡಿ, ಅದರಿಂದಲೇ ಅನುಮಾನ ಬರೋದು. ಕೈಯಲ್ಲಿ ಕೆಲಸ, ಬ್ಯಾಂಕಿನಲ್ಲಿ ಆರು ತಿಂಗಳ ಖರ್ಚಿನಷ್ಟು ದುಡ್ಡು, ನಿಮ್ಮ ಮಾರ್ಕ್ಸ್ ಕಾರ್ಡು, ಆಧಾರ್ ನಿಮ್ಮ ವಶದಲ್ಲಿ, ಬೇಕಾದರೆ ಹುಬ್ಬಳ್ಳಿಯಲ್ಲೋ ಬೆಂಗಳೂರಲ್ಲೋ ಹೋಗಿ ಇರೋಕೆ ಒಂದು ಗೆಳೆಯನ ರೂಮು. ಇಷ್ಟಾದ ಮೇಲೆ ಮನೆಯಲ್ಲಿ ಒಬ್ಬರಿಗೆ ಹೇಳಿ. ಅಕ್ಕ ಇರಬಹುದು, ಸೋದರತ್ತೆ ಇರಬಹುದು, ಗುಟ್ಟು ಕಾಯುವವರು ಯಾರು ಅಂತ ನಿಮಗೇ ಗೊತ್ತಿರುತ್ತದೆ. ಜಗಳದ ಮಧ್ಯೆ ಮಾತ್ರ ಹೇಳಬೇಡಿ.

ಗೊತ್ತಾದ ಮೇಲೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋಣ ಅನ್ನುವ ಮಾತು ಬಂದೇ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಇದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ. ‘ಬದಲಾಯಿಸುತ್ತೇವೆ’ ಅಂತ ಚಿಕಿತ್ಸೆ ಕೊಡೋದು ವೈದ್ಯರ ವೃತ್ತಿಗೆ ಸಲ್ಲದ ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಯಾರಾದರೂ ಡಾಕ್ಟರು ಆ ಮಾತು ಎತ್ತಿದರೆ ಎದ್ದು ಬನ್ನಿ. ಮನಸ್ಸು ತೀರಾ ಕುಗ್ಗಿದ ದಿನ ಸರ್ಕಾರದ ಸಹಾಯವಾಣಿ ಟೆಲಿ-ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಕಾನೂನಿನ ಭಯ ಬೇಡ. 2017ರಲ್ಲಿ ಸುಪ್ರೀಂ ಕೋರ್ಟ್ ಖಾಸಗಿತನ ಮೂಲಭೂತ ಹಕ್ಕು ಅಂದಿತು. ಆ ಕೇಸು ಹಾಕಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಅದೇ ತೀರ್ಪಿನ ಬಲದ ಮೇಲೆ 2018ರ ಸೆಪ್ಟೆಂಬರ್ 6ರಂದು, ವಯಸ್ಸಿಗೆ ಬಂದವರು ಒಪ್ಪಿ ಕೂಡಿದರೆ 377 ಅನ್ವಯಿಸದು ಅಂತಾಯಿತು. 2023ರಲ್ಲಿ ನಮ್ಮ ಮದುವೆಗೆ ಮಾನ್ಯತೆ ಕೊಡೋಕೆ ಕೋರ್ಟ್ ಒಪ್ಪಲಿಲ್ಲ, ಅದು ನಿಜ, ಆ ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚೋಕೆ ಮನಸ್ಸು ಬರಲಿಲ್ಲ. ಆದರೆ 2024ರಲ್ಲಿ ಕೇಂದ್ರ ಸರ್ಕಾರ ಒಂದು ಸ್ಪಷ್ಟನೆ ಕೊಟ್ಟಿದೆ: ನಮ್ಮಂಥವರು ಜಂಟಿ ಬ್ಯಾಂಕ್ ಖಾತೆ ತೆರೆಯೋಕೆ, ಸಂಗಾತಿಯನ್ನು ನಾಮಿನಿ ಮಾಡೋಕೆ ಯಾವ ಅಡ್ಡಿಯೂ ಇಲ್ಲ. ಮುಂದೆ ನಿಮಗೆ ಬೇಕಾಗುತ್ತದೆ, ತಿಳಿದಿರಲಿ. ಇನ್ನೊಂದು, ಡೇಟಿಂಗ್ ಆ್ಯಪ್‌ನಲ್ಲಿ ಪರಿಚಯ ಆದವರಿಗೆ ಮುಖ ಕಾಣುವ ಖಾಸಗಿ ಫೋಟೊ ಕಳಿಸಬೇಡಿ, ಮೊದಲ ಸಲ ಹೋಟೆಲಿನಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ನಾಲ್ಕು ಜನ ಇರುವ ಕಡೆಯೇ ಸಿಗಿ. ಹೆದರಿಸಿ ದುಡ್ಡು ಕೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಈಗ ಅಪರಾಧ ಮಾಡುತ್ತಿರುವವನು ಅವನು.

ಕೊನೆಗೆ ಬರವಣಿಗೆ. ಬೇರೆ ಹೆಸರಲ್ಲಿ ಧಾರಾಳವಾಗಿ ಬರೆಯಿರಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ, ಆಗಲೇ ಹೆಸರಾಗಿದ್ದ ಲೇಖಕರಿಗೇ ಅದು ಬೇಕಾಗಿತ್ತು ಅಂತ ಮೇಲೆ ಹೇಳಿದೆನಲ್ಲ. ಆ ಹೆಸರಿಗೆ ಬೇರೆಯೇ ಇಮೇಲ್ ಮಾಡಿಕೊಳ್ಳಿ, ಮನೆಯವರ ಕೈಗೆ ಸಿಗುವ ಫೋನಲ್ಲಿ ಅದು ತೆರೆದಿರದಂತೆ ನೋಡಿಕೊಳ್ಳಿ. ಪತ್ರಿಕೆಯ ಸಂಪಾದಕರಿಗೆ ಮಾತ್ರ ನಿಜ ಹೆಸರು ಹೇಳಬೇಕಾಗುತ್ತದೆ, ಸಂಭಾವನೆ ಬ್ಯಾಂಕ್ ಖಾತೆಗೇ ಬರಬೇಕಲ್ಲ. ನಿಮ್ಮ ಕಥೆಯಲ್ಲಿ ಬರುವ ಗೆಳೆಯನ ಊರು, ಕೆಲಸ, ಮುಖ ಚಹರೆ ಬದಲಾಯಿಸಿ. ಗುಟ್ಟು ಬಿಡುವ ಹಕ್ಕು ನಿಮಗಿರೋದು ನಿಮ್ಮದರ ಮೇಲೆ ಮಾತ್ರ.

ಹಾವೇರಿಯ ಮಾತಲ್ಲೇ ಬರೆಯಿರಿ. ನಮ್ಮ ಕಥೆ ಅಂದ ಕೂಡಲೇ ಕೆಲವರು ಬೆಂಗಳೂರಿನ ಅಪಾರ್ಟ್‌ಮೆಂಟ್ ಕನ್ನಡಕ್ಕೆ ಹೊರಳುತ್ತಾರೆ, ಅರ್ಧ ಇಂಗ್ಲಿಷ್. ನಿಮ್ಮ ಪಾತ್ರ ‘ಏನಲೇ’ ಅನ್ನುತ್ತಾನೆ, ರೊಟ್ಟಿ ತಿನ್ನುತ್ತಾನೆ, ಮೆಣಸಿನಕಾಯಿ ಮಾರೋಕೆ ಬ್ಯಾಡಗಿಗೆ ಹೋಗುತ್ತಾನೆ. ಅವನು ಗೇ ಆಗಿದ್ದುಕೊಂಡೇ ಅದನ್ನೆಲ್ಲ ಮಾಡಲಿ. ಗೇ ಅಂದರೆ ಏನು ಅಂತ ಓದುಗನಿಗೆ ಪಾಠ ಹೇಳೋಕೆ ಎರಡು ಪುಟ ಖರ್ಚು ಮಾಡಬೇಡಿ. ಮತ್ತೆ ಜೀವನಪೂರ್ತಿ ಇದೊಂದನ್ನೇ ಬರೆಯಬೇಕು ಅಂತಲೂ ಇಲ್ಲ. ವಸುಧೇಂದ್ರ ಅವರೇ 2019ರಲ್ಲಿ ‘ತೇಜೋ ತುಂಗಭದ್ರಾ’ ಬರೆದು ವಿಜಯನಗರಕ್ಕೂ ಲಿಸ್ಬನ್ನಿಗೂ ಹೋಗಿಬಂದರು.

ವಸ್ತು ಬೇಕೆಂದರೆ ನಿಮ್ಮ ಪತ್ರದಲ್ಲೇ ಇದೆ. ಹೆಣ್ಣು ನೋಡುವ ಶಾಸ್ತ್ರ. ಹುಡುಗಿಯ ಮನೆಯ ಪಡಸಾಲೆ, ಉಪ್ಪಿಟ್ಟು, ಶಿರಾ, ಗೋಡೆಗೆ ಹಾಕಿದ ಅವಳ ಡಿಗ್ರಿ ಫೋಟೊ, ಹೊಲ ಎಷ್ಟು ಎಕರೆ ಅಂತ ಕೇಳುವ ಅವಳ ಮಾವ. ಒಬ್ಬ ಗೇ ಹುಡುಗ ಅಲ್ಲಿ ಕೂತು ಏನೇನು ಗಮನಿಸುತ್ತಾನೆ ಅಂತ ಬರೆಯಿರಿ. ಹುಡುಗಿಯನ್ನು ಬರೀ ಚಹಾ ತಂದವಳನ್ನಾಗಿ ಮಾಡಬೇಡಿ. ಅವಳಿಗೂ ಈ ಮದುವೆ ಬೇಡದೆ ಇರಬಹುದು, ಅವಳ ತಲೆಯಲ್ಲೂ ಬೇರೆ ಯಾರೋ ಇರಬಹುದು, ಇಬ್ಬರನ್ನೂ ಹಿತ್ತಲಿಗೆ ಮಾತಾಡೋಕೆ ಕಳಿಸಿದಾಗ ಯಾರು ಮೊದಲು ನಿಜ ಹೇಳುತ್ತಾರೆ ಅಂತ ನೋಡಿ. ಯಾರನ್ನೂ ಸಾಯಿಸಬೇಡಿ. ಹತ್ತು ಪುಟ ಆದ ಮೇಲೆ ಒಂದು ತಿಂಗಳು ಮುಚ್ಚಿಡಿ, ಮತ್ತೆ ಓದಿ ತಿದ್ದಿ, ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಗೆ ಕಳಿಸಿ. ಅಲ್ಲಿ ಸಾಮಾನ್ಯವಾಗಿ ಕಥೆಯ ಹಾಳೆಯ ಮೇಲೆ ಹೆಸರು ಬರೆಯಬೇಡಿ, ಬೇರೆ ಹಾಳೆಯಲ್ಲಿ ಕೊಡಿ ಅಂತಲೇ ಕೇಳುತ್ತಾರೆ.